ಚೆಂಡೆಯಿಂದ ಎಷ್ಟು ದೂರ?

ಮಂದಾರ್ತಿ ಮೇಳದ ಹರಕೆ ಆಟವನ್ನು ಗದ್ದೆಯ ಬಯಲಿನಲ್ಲಿ ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ರಂಗಸ್ಥಳದ ಮುಂದೆ ಚಾಪೆ ಹಾಸಿ ಕುಳಿತ ಮಕ್ಕಳಿರುತ್ತಾರೆ. ಅವರ ಹಿಂದೆ ಹೆಂಗಸರು, ಗಂಡಸರು. ಇನ್ನೂ ಹಿಂದೆ, ದೀಪದ ಬೆಳಕು ಮಸುಕಾಗುವಲ್ಲಿ, ಗದ್ದೆಯ ಅಂಚಿನ ಮೇಲೆ ಒಬ್ಬಿಬ್ಬರು ಕುಳಿತಿರುತ್ತಾರೆ. ಅಷ್ಟು ದೂರ ಕುಳಿತ ಮಾತ್ರಕ್ಕೆ ಅವರಿಗೆ ಆಟದಲ್ಲಿ ಆಸಕ್ತಿಯಿಲ್ಲವೆಂದು ಯಾರೂ ಭಾವಿಸುವುದಿಲ್ಲ. ಅವರನ್ನು ಎಳೆದುತಂದು ಚೆಂಡೆಯ ಬುಡದಲ್ಲಿ ಕೂರಿಸುವವರೂ ಇಲ್ಲ. ಬಯಲಾಟದ ಬಯಲಿನಲ್ಲಿ ಎಲ್ಲಿ ಕುಳಿತುಕೊಳ್ಳಬೇಕೆಂಬುದು ನೋಡುವವನ ಇಚ್ಛೆಗೆ ಸೇರಿದ ವಿಷಯ.

ಚಿಕ್ಕಂದಿನಲ್ಲಿ ನಾನು ಕುಳಿತದ್ದು ಆ ಅಂಚಿನ ಮೇಲೆ. ನಾನು ಆಟಿಸಂ ಉಳ್ಳವನು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುವುದುಂಟು. ಆ ಹೆಸರು ನನಗೆ ತಿಳಿದುಬಂದದ್ದು ಪ್ರಾಯಕ್ಕೆ ಬಂದ ಮೇಲೆ. ಆದರೆ ಚೆಂಡೆಗೂ ನನ್ನ ಕಿವಿಗೂ ನಡುವೆ ಎಷ್ಟು ಅಂತರವಿರಬೇಕೆಂಬುದು ಐದಾರು ವರ್ಷದವನಿದ್ದಾಗಲೇ ತಿಳಿದಿತ್ತು. ರಂಗಸ್ಥಳದ ಹತ್ತಿರ ಅದು ನನಗೆ ಪೆಟ್ಟಾಗಿತ್ತು. ಗದ್ದೆಯ ಅಂಚಿನಲ್ಲಿ ಅದೇ ಸಂಗೀತವಾಗಿತ್ತು. ನಮ್ಮಂಥವರ ಇಂದ್ರಿಯಗಳ ವಿಷಯದಲ್ಲಿ ನಾಡಿನ ಜನರು ತಿಳಿಯಬೇಕಾದ ಮುಖ್ಯ ಮಾತು ಈ ಅಂತರವನ್ನು ಕುರಿತದ್ದೇ ಆಗಿದೆ. ಅದನ್ನೇ ಇಲ್ಲಿ ಸ್ವಲ್ಪ ವಿಚಾರಿಸೋಣ.

ಆಟಿಸಂ ಎಂಬುದು ಸೋಂಕಿನಿಂದ ಬರುವ ರೋಗವಲ್ಲ, ತಾಯಿತಂದೆಯರ ಸಾಕಣೆಯ ದೋಷವೂ ಅಲ್ಲ. ಅದು ಮಿದುಳು ಬೆಳೆಯುವ ಕ್ರಮದಲ್ಲಿಯೇ ಇರುವ ಒಂದು ಭೇದ. ಹುಟ್ಟಿನಿಂದ ಬಂದು ಬಾಳಿನುದ್ದಕ್ಕೂ ಇರತಕ್ಕದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರು ಆಟಿಸಂ ಉಳ್ಳವರಾಗಿದ್ದರು. ಈ ಲೆಕ್ಕದಿಂದ ನೋಡಿದರೆ, ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಯಾವ ದೊಡ್ಡ ಶಾಲೆಯೂ ಇಂಥ ಒಂದೆರಡು ಮಕ್ಕಳಿಲ್ಲದೆ ಇರಲಾರದು. ಅವರಲ್ಲಿ ಅನೇಕರನ್ನು ನಾವು ಬೇರೆ ಹೆಸರುಗಳಿಂದ ಗುರುತಿಸುತ್ತೇವೆ: ಹಠಮಾರಿ, ಸಿಡುಕ, ಒಂಟಿಪಿಶಾಚಿ. ಅಂಗಿಯ ಕೊರಳಪಟ್ಟಿ ಚುಚ್ಚುತ್ತದೆಂದು ಅಳುವ ಹುಡುಗಿ, ಮದುವೆಯ ಮನೆಯಲ್ಲಿ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಓಡುವ ಹುಡುಗ, ಮೀನು ಹುರಿಯುವ ವಾಸನೆಗೆ ಊಟ ಬಿಟ್ಟು ಏಳುವ ಯುವಕ, ಇವರನ್ನೆಲ್ಲ ನೀವು ಕಂಡಿರಬಹುದು. ಕಂಡು ನಕ್ಕಿರಲೂಬಹುದು.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳನ್ನು ಕುರಿತು ಬರೆದ ಪ್ರಬಂಧ ಆಟಿಸಂನ ಅಧ್ಯಯನಕ್ಕೆ ತಳಹದಿಯಾಯಿತು. ಆ ಮಕ್ಕಳಲ್ಲಿ ಕೆಲವರು ಧೂಳು ಹೀರುವ ಯಂತ್ರದ ಸದ್ದಿಗೆ, ಲಿಫ್ಟಿನ ಸದ್ದಿಗೆ, ಕೊನೆಗೆ ಗಾಳಿಯ ಸದ್ದಿಗೂ ಭೀತರಾಗುತ್ತಿದ್ದುದನ್ನು ಅವರು ಬರೆದಿದ್ದಾರೆ. ಅದರೊಡನೆಯೇ ಮತ್ತೊಂದು ಸೂಕ್ಷ್ಮ ಸಂಗತಿಯನ್ನೂ ಕಂಡಿದ್ದಾರೆ: ಹಾಗೆ ಹೆದರುವ ಮಗು ಅಷ್ಟೇ ದೊಡ್ಡ ಸದ್ದನ್ನು ತಾನೇ ಮಾಡುವಾಗ ಸಂತೋಷವಾಗಿರುತ್ತದೆ. ಎಂದಮೇಲೆ ತೊಂದರೆಯೆಲ್ಲವೂ ಸದ್ದಿನಲ್ಲಿಯೇ ಇಲ್ಲ. ಅದು ತನ್ನ ಮೇಲೆ ಎರಗಿಬರುವ ರೀತಿಯಲ್ಲಿಯೂ ಇದೆ. ಇಷ್ಟು ಮೊದಲೇ ಕಂಡ ಈ ಲಕ್ಷಣ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯದ ಕೈಪಿಡಿಯಲ್ಲಿ ಆಟಿಸಂನ ಸ್ಪಷ್ಟ ಲಕ್ಷಣಗಳ ಸಾಲಿಗೆ ಸೇರಿದ್ದು 70 ವರ್ಷಗಳ ತರುವಾಯ, 2013ರಲ್ಲಿ. ಇಂದ್ರಿಯಗಳ ಅತಿಸೂಕ್ಷ್ಮತೆ ಮಾತ್ರವಲ್ಲ, ಮಂದತೆಯೂ ಆ ಲಕ್ಷಣದಲ್ಲಿ ಸೇರಿದೆ. ಒಬ್ಬನೇ ವ್ಯಕ್ತಿ ಬಲ್ಬಿನ ಬೆಳಕನ್ನು ತಾಳಲಾರದೆ ಹೋಗಬಹುದು. ಆದರೆ ತನ್ನ ಹಸಿವನ್ನಾಗಲಿ ಕಾಲಿನ ಗಾಯವನ್ನಾಗಲಿ ಗಂಟೆಗಟ್ಟಲೆ ಅರಿಯದೆಯೂ ಇರಬಹುದು.

ಇದಕ್ಕೆ ಕಾರಣವೇನು? ಆಟಿಸಂ ಉಳ್ಳವರ ಕಿವಿ ಇತರರ ಕಿವಿಗಿಂತ ಚುರುಕೆಂದು ಕೆಲವರು ತಿಳಿದಿದ್ದಾರೆ. ಕಿವಿಯನ್ನು ಪರೀಕ್ಷಿಸಿದರೆ ಸಾಮಾನ್ಯವಾಗಿ ಅಂಥದೇನೂ ಕಾಣುವುದಿಲ್ಲ. ಭೇದವಿರುವುದು ಬಹುಮಟ್ಟಿಗೆ ಕಿವಿಯಿಂದ ಮುಂದಕ್ಕೆ, ನರಮಂಡಲವು ಸುದ್ದಿಯನ್ನು ಸೋಸುವ ಬಗೆಯಲ್ಲಿ. ಈ ಸಾಲನ್ನು ಓದುತ್ತಿರುವಾಗ ನಿಮ್ಮ ಅಂಗಿ ಬೆನ್ನಿಗೆ ತಗುಲುತ್ತಿದೆ, ಫ್ಯಾನು ತಿರುಗುತ್ತಿದೆ, ದೂರದಲ್ಲಿ ಯಾವುದೋ ವಾಹನ ಹೋಗುತ್ತಿದೆ. ನಾನು ಹೇಳುವ ತನಕ ಇವು ನಿಮ್ಮ ಗಮನಕ್ಕೆ ಬಂದಿರಲಾರವು. ಮರುಕಳಿಸುವ ಸಂವೇದನೆಯನ್ನು ಮಿದುಳು ಕ್ರಮೇಣ ಕಡೆಗಣಿಸುತ್ತ ಹೋಗುತ್ತದೆ. ಇದಕ್ಕೆ ಒಗ್ಗಿಕೆ ಎಂದು ಹೆಸರು. 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲಿಸ್ ಶಾಖೆಯ ಶೂಲಮೈಟ್ ಗ್ರೀನ್ ಮತ್ತು ಸಂಗಡಿಗರು ಆಟಿಸಂ ಉಳ್ಳ ಮಕ್ಕಳಿಗೂ ಹದಿಹರೆಯದವರಿಗೂ ವಾಹನಗಳ ಸದ್ದನ್ನು ಕೇಳಿಸುತ್ತ, ಒರಟು ಉಣ್ಣೆಯಿಂದ ತೋಳನ್ನು ಉಜ್ಜುತ್ತ, ಮಿದುಳಿನ ಚಿತ್ರಗಳನ್ನು ತೆಗೆದರು. ಇಂದ್ರಿಯಸೂಕ್ಷ್ಮತೆ ಹೆಚ್ಚಾಗಿದ್ದವರಲ್ಲಿ ಸಂವೇದನೆಯನ್ನು ಗ್ರಹಿಸುವ ಭಾಗಗಳೂ, ಭಯಕ್ಕೆ ಸಂಬಂಧಿಸಿದ ಅಮಿಗ್ಡಲವೆಂಬ ಭಾಗವೂ ಹೆಚ್ಚು ಕೆರಳಿದುವು. ಅಷ್ಟೇ ಅಲ್ಲ, ಅದೇ ಸದ್ದು ಮತ್ತೆ ಮತ್ತೆ ಬಂದಾಗಲೂ ಆ ಕೆರಳಿಕೆ ಇತರರಲ್ಲಿ ತಗ್ಗುವಂತೆ ತಗ್ಗಲಿಲ್ಲ.

ಸ್ಪರ್ಶದ ವಿಷಯದಲ್ಲಿ ಇನ್ನೊಂದು ಬೆಳಕು ದೊರೆತಿದೆ. ಆಟಿಸಂಗೆ ಸಂಬಂಧಿಸಿದ ಕೆಲವು ಜೀನುಗಳನ್ನು ಇಲಿಗಳಲ್ಲಿ ಮಾರ್ಪಡಿಸಿ, ಹಾರ್ವರ್ಡಿನ ಲಾರೆನ್ ಓರಿಫೀಸ್, ಡೇವಿಡ್ ಗಿಂಟಿ ಮೊದಲಾದವರು 2016ರಲ್ಲಿ ಪ್ರಯೋಗ ನಡೆಸಿದರು. ಜೀನಿನ ಬದಲಾವಣೆ ಮಿದುಳಿನಲ್ಲಿಲ್ಲದೆ, ಚರ್ಮದಿಂದ ಸುದ್ದಿ ತರುವ ನರಕೋಶಗಳಲ್ಲಿ ಮಾತ್ರ ಇದ್ದಾಗಲೂ ಆ ಇಲಿಗಳು ಹಗುರವಾದ ಸ್ಪರ್ಶಕ್ಕೆ ಬೆದರಿದುವು. ಇಲಿ ಮನುಷ್ಯನಲ್ಲ, ಆದರೂ ಚುಚ್ಚುವ ಕೊರಳಪಟ್ಟಿ ಬರಿಯ ನೆವವೆನ್ನುವವರು ಈ ಪ್ರಯೋಗವನ್ನು ನೆನೆಯುವುದು ಒಳ್ಳೆಯದು.

ಬೆಳಕಿನ ಮಾತನ್ನೂ ಹೇಳಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್ತು. ಪ್ರತಿಯೊಂದು ಆವರ್ತದಲ್ಲಿ ಪ್ರವಾಹ ಎರಡು ಸಲ ಶೂನ್ಯಕ್ಕಿಳಿಯುವುದರಿಂದ, ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ; ಅದರ ಚೋಕೂ ಅದೇ ಲಯದಲ್ಲಿ ಗುಂಯ್‌ಗುಡುತ್ತದೆ. ಬಹಳ ಜನರಿಗೆ ಇದು ತಿಳಿಯುವುದೇ ಇಲ್ಲ. ನನಗಾದರೋ ಅಂಥ ದೀಪದ ಕೆಳಗೆ ಒಂದು ಗಂಟೆಯ ಪಾಠವೆಂದರೆ, ಯಾರೋ ಬೆರಳಿನಿಂದ ಹಣೆಯನ್ನು ಬಿಡದೆ ಬಡಿಯುತ್ತಿರುವಾಗ ರೇಖಾಗಣಿತ ಕಲಿತಂತೆ.

ಹೀಗೆಂದು ನಮ್ಮಂಥವರು ಎಲ್ಲ ಸದ್ದನ್ನೂ ದ್ವೇಷಿಸುತ್ತೇವೆಂದು ತಿಳಿಯಬಾರದು. ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಮಳೆಗಾಲದ ಆ ಕಡಲಿನ ಮೊರೆತ ಸಣ್ಣ ಸದ್ದೇನಲ್ಲ. ಆದರೆ ಅದರ ಪಕ್ಕದಲ್ಲಿ ನಾನು ಅರ್ಧ ದಿನ ಸುಖವಾಗಿ ಕುಳಿತಿರಬಲ್ಲೆ. ಹಂಚಿನ ಮಾಡಿನ ಮೇಲೆ ಸುರಿಯುವ ಆಷಾಢದ ಮಳೆಯೂ ಹಾಗೆಯೇ. ಅಲೆಯ ಸದ್ದಿನಲ್ಲಿಯೂ ಮಳೆಯ ಸದ್ದಿನಲ್ಲಿಯೂ ಎಲ್ಲ ಸ್ಥಾಯಿಯ ಕಂಪನಗಳು ಬೆರೆತಿರುತ್ತವೆ. ಅವು ಮೆಲ್ಲನೆ ಏರುತ್ತವೆ, ಮೆಲ್ಲನೆ ಇಳಿಯುತ್ತವೆ. ಇತರ ಚಿಲ್ಲರೆ ಸದ್ದುಗಳನ್ನು ಮರೆಮಾಡುತ್ತವೆ. ಅದೇ ನಾನು ಕುಂದಾಪುರದ ಶಾಸ್ತ್ರಿ ವೃತ್ತದಲ್ಲಿ ನಿಂತಿರುವಾಗ ಹಿಂದಿನಿಂದ ಬಂದ ಬಸ್ಸಿನ ಕರ್ಕಶವಾದ ಹಾರನ್ನು ಒಂದು ಕ್ಷಣ ಕೂಗಿದರೆ, ಆ ದಿನದ ಮಿಕ್ಕ ಕೆಲಸವೆಲ್ಲ ಕೆಟ್ಟಂತೆಯೇ. ಸದ್ದಿನ ಪ್ರಮಾಣ ಒಂದೇ ಲೆಕ್ಕಕ್ಕೆ ಬರುವುದಲ್ಲ. ಅದು ಮುಂಚಿತವಾಗಿ ತಿಳಿದಿತ್ತೇ, ಅದರಿಂದ ದೂರ ಸರಿಯಲು ಸಾಧ್ಯವಿತ್ತೇ, ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಈ ಮಾತಿಗೆ ನನ್ನ ಬಾಲ್ಯದ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ನಮ್ಮ ಶಾಲೆಯ ಗಂಟೆ ಒಂದು ರೈಲುಹಳಿಯ ತುಂಡು. ಅದನ್ನು ತೂಗುಹಾಕಿದ್ದ ಜಗಲಿಗೆ ತಾಗಿಯೇ ನನ್ನ ತರಗತಿಯಿತ್ತು. ಗಂಟೆ ಹೊಡೆದಾಗಲೆಲ್ಲ ನಾನು ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಬಗ್ಗುತ್ತಿದ್ದೆ. ಉಪಾಧ್ಯಾಯರೊಬ್ಬರು ಅದನ್ನು ಅವಿಧೇಯತೆಯೆಂದು ತಿಳಿದು ನನ್ನನ್ನು ಗಂಟೆಯ ಕೆಳಗೇ ನಿಲ್ಲಿಸಿದರು. ಹೀಗೆ ನಿಂತರೆ ಅಭ್ಯಾಸವಾಗುತ್ತದೆಂದು ಅವರ ನಂಬಿಕೆ. ಒಂದು ವಾರ ನಿಂತೆ, ಅಭ್ಯಾಸವಾಗಲಿಲ್ಲ, ಜ್ವರ ಬಂತು. ಗಂಟೆ ಹೊಡೆಯುತ್ತಿದ್ದ ಜವಾನರು ಇದನ್ನೆಲ್ಲ ನೋಡಿದ್ದರು. ಅಂದಿನಿಂದ ಅವರು ಸುತ್ತಿಗೆ ಎತ್ತುವ ಮೊದಲು ಕಿಟಕಿಯ ಕಡೆ ತಿರುಗಿ, ನನ್ನ ಕಣ್ಣಿಗೆ ಬೀಳುವ ಹಾಗೆ ಎಡಗೈ ಎತ್ತುತ್ತಿದ್ದರು. ನಾನು ಕಿವಿಗೆ ಬೆರಳಿಟ್ಟುಕೊಂಡು ತಲೆಯಾಡಿಸಿದ ಮೇಲೆ ಹೊಡೆಯುತ್ತಿದ್ದರು. ಗಂಟೆಯ ಸದ್ದು ಕಿಂಚಿತ್ತೂ ಕಡಿಮೆಯಾಗಿರಲಿಲ್ಲ. ಕೆಲವು ತಿಂಗಳುಗಳ ಬಳಿಕ ನನಗೆ ಬೆರಳಿನ ಅಗತ್ಯವೂ ಬೀಳಲಿಲ್ಲ. ಆ ಎತ್ತಿದ ಕೈಯೊಂದೇ ಸಾಕಾಯಿತು.

ಆ ಜವಾನರು ಮನಶ್ಶಾಸ್ತ್ರವನ್ನು ಓದಿರಲಿಲ್ಲ. ಆದರೆ ಅವರು ಮಾಡಿದ್ದು ಶಾಸ್ತ್ರಸಮ್ಮತವಾಗಿತ್ತು. ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಸಾಮಾನ್ಯ ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, 1972ರಲ್ಲಿ ಅವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳು ಕೆಲಸ ಮಾಡುತ್ತಿರುವಾಗ 108 ಡೆಸಿಬೆಲ್ ಪ್ರಮಾಣದ ಗದ್ದಲವನ್ನು ಬಿಟ್ಟು ಬಿಟ್ಟು ಕೇಳಿಸಲಾಯಿತು. ಕೆಲವರಿಗೆ ಅದು ನಿಯತಕಾಲಕ್ಕೆ ಬರುತ್ತಿತ್ತು, ಕೆಲವರಿಗೆ ಯಾವಾಗೆಂದರೆ ಆವಾಗ. ಗದ್ದಲ ಮುಗಿದ ಮೇಲೆ ಕಠಿಣವಾದ ಒಗಟುಗಳನ್ನೂ ತಪ್ಪು ತಿದ್ದುವ ಕೆಲಸವನ್ನೂ ಕೊಟ್ಟರು. ಅನಿಯತವಾದ ಗದ್ದಲವನ್ನು ಕೇಳಿದವರು ಒಗಟುಗಳನ್ನು ಬೇಗ ಕೈಬಿಟ್ಟರು. ತಪ್ಪುಗಳನ್ನೂ ಹೆಚ್ಚಾಗಿ ಕಾಣದೆ ಹೋದರು. ಮತ್ತೊಂದು ಗುಂಪಿಗೆ ಒಂದು ಗುಂಡಿಯನ್ನು ತೋರಿಸಿ, ತಾಳಲಾರದಿದ್ದರೆ ಇದನ್ನು ಒತ್ತಿ ಗದ್ದಲವನ್ನು ನಿಲ್ಲಿಸಬಹುದು ಎಂದು ಹೇಳಲಾಗಿತ್ತು. ಅವರಲ್ಲಿ ಬಹುತೇಕ ಯಾರೂ ಗುಂಡಿಯನ್ನು ಒತ್ತಲಿಲ್ಲ. ಆದರೂ ಅವರ ಕೆಲಸ ಬಹಳ ಕಡಿಮೆ ಕೆಟ್ಟಿತು. ನಿಲ್ಲಿಸಬಲ್ಲೆನೆಂಬ ಅರಿವೇ ಸದ್ದಿನ ಹಾನಿಯನ್ನು ತಗ್ಗಿಸಿತ್ತು. ಆಟಿಸಂ ಇಲ್ಲದವರಿಗೇ ಹೀಗಾದರೆ, ಒಗ್ಗಿಕೆ ಸುಲಭವಲ್ಲದ ನರಮಂಡಲದವರಿಗೆ ಆ ಗುಂಡಿಯ ಬೆಲೆ ಎಷ್ಟಿರಬೇಕು!

ಈಗ ಬಯಲಾಟಕ್ಕೆ ಹಿಂದಿರುಗೋಣ. ತೆರೆದ ಬಯಲಿನಲ್ಲಿ ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ದೂರ ಇಮ್ಮಡಿಯಾದರೆ ತೀವ್ರತೆ ನಾಲ್ಕರಲ್ಲೊಂದು ಪಾಲಾಗುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಸುಮಾರು 6 ಇಳಿಯುತ್ತದೆ. ಚೆಂಡೆಯಿಂದ 5 ಮೀಟರು ದೂರದಲ್ಲಿ 100 ಡೆಸಿಬೆಲ್ ಇದೆಯೆಂದು ಇಟ್ಟುಕೊಳ್ಳೋಣ. 10 ಮೀಟರಿನಲ್ಲಿ ಅದು 94, 20ರಲ್ಲಿ 88, 40ರಲ್ಲಿ 82, 80 ಮೀಟರಿನ ಗದ್ದೆಯ ಅಂಚಿನಲ್ಲಿ 76. ಅಂದರೆ ತೀವ್ರತೆ 256ರಲ್ಲಿ ಒಂದು ಪಾಲಾಯಿತು. ನಮ್ಮ ಪೂರ್ವಿಕರ ಬಯಲು ಯಾರ ಅಪ್ಪಣೆಯೂ ಇಲ್ಲದೆ ಪ್ರತಿಯೊಬ್ಬನ ಕೈಗೂ ಆ ಗುಂಡಿಯನ್ನು ಕೊಟ್ಟಿತ್ತು. ಬೇಕೆಂದರೆ ಮುಂದೆ ಬಾ, ಬೇಡವೆಂದರೆ ಹಿಂದೆ ಸರಿ.

ಧ್ವನಿವರ್ಧಕವು ಈ ಏರ್ಪಾಟನ್ನು ಮುರಿಯಿತು. ಕಂಬಕಂಬಕ್ಕೂ ಧ್ವನಿವರ್ಧಕವನ್ನು ಕಟ್ಟಿದಾಗ ಎಲ್ಲರೂ ರಂಗಸ್ಥಳದ ಬುಡದಲ್ಲಿಯೇ ಕುಳಿತಂತಾಯಿತು. ಗದ್ದೆಯ ಅಂಚು ಎಂಬುದೇ ಇಲ್ಲವಾಯಿತು. ಆಟ, ಮದುವೆ, ಶಾಲೆಯ ವಾರ್ಷಿಕೋತ್ಸವಗಳು ಕಾಂಕ್ರೀಟಿನ ಸಭಾಂಗಣಗಳಿಗೆ ಸರಿದಾಗ ಇನ್ನೊಂದು ತೊಡಕು ಸೇರಿತು. ನಾಲ್ಕು ಗೋಡೆಗಳೊಳಗೆ ಶಬ್ದ ಪ್ರತಿಫಲಿಸಿ ತುಂಬಿಕೊಳ್ಳುವುದರಿಂದ, ಒಂದು ಅಂತರದಾಚೆಗೆ ಎಷ್ಟು ಹಿಂದೆ ಸರಿದರೂ ಅದು ಇಳಿಯುವುದಿಲ್ಲ. ಉಳಿಯುವ ಮಾರ್ಗ ಬಾಗಿಲೊಂದೇ. ಬಾಗಿಲಿನಿಂದ ಹೊರಗೆ ಹೋದ ಹುಡುಗನನ್ನು ನಾವು ಬೆರೆಯದವನೆಂದು ಕರೆಯುತ್ತೇವೆ. ಕೋಟೇಶ್ವರದ ಕೊಡಿ ಹಬ್ಬಕ್ಕೆ ಊರೆಲ್ಲ ಹೋಗಿ ಕಬ್ಬಿನ ಕೊಡಿ ಹಿಡಿದು ಮರಳುವಾಗ ಮನೆಯಲ್ಲಿ ಉಳಿದುಬಿಟ್ಟವನ ಮನಸ್ಸಿನಲ್ಲಿ ತೇರಿನ ಮೇಲೆ ಪ್ರೀತಿಯಿಲ್ಲವೆಂದು ತೀರ್ಮಾನಿಸುತ್ತೇವೆ. ನಾನು ಹಾಗೆ ಮನೆಯಲ್ಲಿ ಉಳಿದಿದ್ದೇನೆ. ತೇರನ್ನು ನೋಡಬೇಕೆಂಬ ಆಸೆಯಿಂದ ಅತ್ತೂ ಇದ್ದೇನೆ.

ಇದಕ್ಕೆ ಕೆಲವು ಆಕ್ಷೇಪಗಳುಂಟು. ಒಬ್ಬಿಬ್ಬರಿಗಾಗಿ ಊರಿನ ಸಂಪ್ರದಾಯವನ್ನು ಬದಲಿಸಬೇಕೇ ಎಂಬುದು ಮೊದಲನೆಯದು. ಆದರೆ ಚೆಂಡೆ ಸಂಪ್ರದಾಯವೇ ಹೊರತು ಧ್ವನಿವರ್ಧಕ ಸಂಪ್ರದಾಯವಲ್ಲ. ಅದಲ್ಲದೆ, ಬದಲಾವಣೆಯಿಂದ ಕಲೆ ಸಾಯುವುದಿಲ್ಲವೆಂಬುದಕ್ಕೆ ನಮ್ಮ ನೆಲದಲ್ಲಿಯೇ ನಿದರ್ಶನವಿದೆ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಇರುಳಿಡೀ ನಡೆಯುವ ಯಕ್ಷಗಾನವನ್ನು ಕಿರಿದುಗೊಳಿಸಿ ನೃತ್ಯರೂಪಕವಾಗಿಸಿದರು, ಅದರ ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸಫೋನನ್ನೂ ತಂದರು. ಅದನ್ನು ಒಪ್ಪಿದವರೂ ಇದ್ದರು, ಒಪ್ಪದವರೂ ಇದ್ದರು. ಯಕ್ಷಗಾನವಂತೂ ಬದುಕಿಯೇ ಇದೆ. ಅಷ್ಟು ದೊಡ್ಡ ಮಾರ್ಪಾಟನ್ನು ಕಂಡ ಸೀಮೆಗೆ ಒಂದು ಧ್ವನಿವರ್ಧಕವನ್ನು ಇನ್ನೊಂದು ದಿಕ್ಕಿಗೆ ತಿರುಗಿಸುವುದು ಕಷ್ಟವೇ?

ಮಕ್ಕಳನ್ನು ಹೀಗೆ ಮುಚ್ಚಟೆಯಿಂದ ಬೆಳೆಸಿದರೆ ಅವರು ಲೋಕಕ್ಕೆ ಒಗ್ಗುವುದೆಂದು ಎಂಬುದು ಎರಡನೆಯ ಆಕ್ಷೇಪ. ಒಗ್ಗಬೇಕೆಂಬುದು ನಿಜ, ನಾನೂ ಎಷ್ಟೋ ಸಂಗತಿಗಳಿಗೆ ಒಗ್ಗಿದ್ದೇನೆ. ಆದರೆ ಗಂಟೆಯ ಕೆಳಗೆ ನಿಲ್ಲಿಸಿದ್ದರಿಂದ ನಾನು ಒಗ್ಗಲಿಲ್ಲ. ಕೈ ಎತ್ತಿ ಎಚ್ಚರಿಸಿದ್ದರಿಂದ ಒಗ್ಗಿದೆ. ತಾನಾಗಿ ಒಂದೊಂದೇ ಹೆಜ್ಜೆ ಮುಂದಿಡಬಲ್ಲವನು ಒಂದು ದಿನ ರಂಗಸ್ಥಳದ ಹತ್ತಿರಕ್ಕೂ ಬಂದಾನು. ಎಲ್ಲರೂ ಬಂದೇ ಬರುತ್ತಾರೆಂದು ಹೇಳಲಾರೆ, ಬಾರದಿದ್ದರೂ ಕೊರತೆಯೇನಿಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ನಡತೆಗಿಂತ ಮುಂದಿದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್‌ಗಳ ಮಿತಿಯನ್ನು ಗೊತ್ತುಪಡಿಸಿವೆ. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯಕ್ಕೆ ಇನ್ನೂ ಕಡಿಮೆ ಮಿತಿಯನ್ನು ಇಟ್ಟಿವೆ. ವಾಹನಗಳ ಕರ್ಕಶವಾದ ಹಾರನ್ನುಗಳನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ನಿಷೇಧಿಸಿವೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ತಾನು ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಅನ್ನು ಸೇರಿಸಿ, ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು ವಿದ್ಯಾಸಂಸ್ಥೆಗಳು ಒದಗಿಸಬೇಕೆಂದು ವಿಧಿಸಿದೆ. ಕುರ್ಚಿಗಾಲಿಯವನಿಗೆ ಇಳಿಜಾರಿನ ದಾರಿ ಬೇಕೆಂಬುದನ್ನು ಈಗ ಎಲ್ಲರೂ ಒಪ್ಪುತ್ತಾರೆ. ಕಿವಿಗೂ ಕಣ್ಣಿಗೂ ಚರ್ಮಕ್ಕೂ ಅಂಥ ದಾರಿ ಬೇಕಾಗಬಹುದೆಂಬುದು ಇನ್ನೂ ಅನೇಕರಿಗೆ ಹೊಳೆದಿಲ್ಲ.

ಆ ದಾರಿ ದುಬಾರಿಯೂ ಅಲ್ಲ. ಗಂಟೆಯಿಂದ ದೂರದ ಒಂದು ಆಸನ; ಮಿನುಗುವ ಟ್ಯೂಬ್‌ಲೈಟಿಗೆ ಬದಲು ಮಿನುಗದ ದೀಪ, ಇಲ್ಲವೇ ಕಿಟಕಿಯ ಬೆಳಕು; ಸಮವಸ್ತ್ರಕ್ಕೆ ಮೆದುವಾದ ಹತ್ತಿಯ ಬಟ್ಟೆಯನ್ನು ಬಳಸಲು ಅನುಮತಿ; ಪರೀಕ್ಷೆಗೆ ಒಂದು ಸಣ್ಣ ಕೊಠಡಿ; ಕೇಳದೆಯೇ ಎದ್ದುಹೋಗಿ ಕುಳಿತುಕೊಳ್ಳಬಹುದಾದ ಒಂದು ಶಾಂತವಾದ ಮೂಲೆ. ಹಬ್ಬದ ಆಮಂತ್ರಣ ಪತ್ರಿಕೆಯಲ್ಲಿ ಪೂಜೆಯ ಹೊತ್ತನ್ನು ಅಚ್ಚುಮಾಡುವಂತೆ ಗರ್ನಾಲು ಸಿಡಿಸುವ ಹೊತ್ತನ್ನೂ ಅಚ್ಚುಮಾಡಬಹುದು. ಆಟದ ಬಯಲಿನಲ್ಲಿ ಒಂದು ದಿಕ್ಕನ್ನಾದರೂ ಧ್ವನಿವರ್ಧಕವಿಲ್ಲದೆ ಬಿಡಬಹುದು. ಇದರಿಂದ ಆಟಿಸಂ ಉಳ್ಳವರಿಗೆ ಮಾತ್ರವೇ ಪ್ರಯೋಜನವೆಂದು ತಿಳಿಯಬೇಡಿ. ಅಲ್ಲಿ ಎಳೆಗೂಸಿನ ತಾಯಿಯೂ ಮುದುಕರೂ ತಲೆಶೂಲೆಯವರೂ ಬಂದು ಕುಳಿತಾರು.

ಈ ಪತ್ರಿಕೆಯನ್ನು ಓದುವವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ನಿಮ್ಮ ಕೈಯಲ್ಲಿ ಶಾಲೆಯ ಆಡಳಿತವೂ ಇಲ್ಲ, ಮೇಳದ ಯಜಮಾನಿಕೆಯೂ ಇಲ್ಲ. ಆದರೆ ನಿಮ್ಮ ಪಕ್ಕದ ಆಸನದಲ್ಲಿ ಕಿವಿ ಮುಚ್ಚಿಕೊಳ್ಳುವ ಒಬ್ಬ ಗೆಳೆಯ ಇರಬಹುದು. ಅವನ ಕೈಗಳನ್ನು ಕಿತ್ತು ಕೆಳಗಿಳಿಸಬೇಡಿ, ಹಿಂದಿನಿಂದ ಬಂದು ಬೆನ್ನು ತಟ್ಟಬೇಡಿ. ಅವನು ದೂರ ಹೋಗಿ ಕುಳಿತರೆ ಕರೆಯದೆ ಬಿಡಬೇಡಿ. ಕರೆದ ಮೇಲೆ ಅವನು ಬಾರದಿದ್ದರೆ ಬೇಸರಪಡಬೇಡಿ. ಸಾಧ್ಯವಾದರೆ ನೀವೇ ಗದ್ದೆಯ ಅಂಚಿಗೆ ಹೋಗಿ ಅವನ ಪಕ್ಕದಲ್ಲಿ ಕುಳಿತು ನೋಡಿ. ಅಲ್ಲಿಂದಲೂ ಆಟ ಚೆನ್ನಾಗಿಯೇ ಕಾಣುತ್ತದೆ.